ಫಿಟ್ನೆಸ್ ಸರ್ಟಿಫಿಕೇಟ್ ಕೇಳದ ಪ್ರಶ್ನೆ

ಅಡ್ಮಿಶನ್ ದಿನ ನಾವೆಲ್ಲ ಕೊಟ್ಟ ಒಂದು ಕಾಗದ ನೆನಪಿದೆಯಾ? ಟಿಸಿ, ಮಾರ್ಕ್ಸ್ ಕಾರ್ಡ್, ಜಾತಿ-ಆದಾಯದ ಪ್ರಮಾಣಪತ್ರ, ಡಜನ್ ಪಾಸ್‌ಪೋರ್ಟ್ ಸೈಜ್ ಫೋಟೊ, ಇವುಗಳ ನಡುವೆ ಎಲ್ಲೋ ಸಿಕ್ಕಿಕೊಂಡಿದ್ದ ಮೆಡಿಕಲ್ ಫಿಟ್ನೆಸ್ ಸರ್ಟಿಫಿಕೇಟ್. ಇದನ್ನು ಬರೆಯುತ್ತಿರುವ ನಾವು ನಾಲ್ಕು ಜನ ಅದನ್ನು ಹೇಗೆ ಪಡೆದೆವು ಅಂತ ಮೊನ್ನೆ ಕೂತು ಹೇಳಿಕೊಂಡೆವು. ಒಬ್ಬನಿಗೆ ನೂರು ರೂಪಾಯಿ, ಇನ್ನೊಬ್ಬನಿಗೆ ಇನ್ನೂರು. ಮೂರನೆಯವನ ಅಪ್ಪ ಡಾಕ್ಟರ್ ಹತ್ತಿರ ತಾವೊಬ್ಬರೇ ಹೋಗಿ ತಂದುಬಿಟ್ಟರು, ಮಗ ಮನೆಯಲ್ಲಿ ಮಲಗಿದ್ದ. ನಾಲ್ಕನೆಯವನ ಡಾಕ್ಟರ್ ಸ್ವಲ್ಪ ಸ್ಟ್ರಿಕ್ಟು, ಎತ್ತರ ತೂಕ ಕೇಳಿದರು. ಕೇಳಿದರು ಅಷ್ಟೇ, ಅಳೆಯಲಿಲ್ಲ. ಸ್ಟೆತಸ್ಕೋಪ್ ಮಾತ್ರ ನಾಲ್ವರಲ್ಲಿ ಯಾರ ಎದೆಗೂ ಮುಟ್ಟಲಿಲ್ಲ. ಆ ಕಾಗದಗಳನ್ನು ನಂಬುವುದಾದರೆ ನಮ್ಮ ಬ್ಯಾಚಿನಲ್ಲಿ ಯಾರಿಗೂ ಯಾವ ಕಾಯಿಲೆಯೂ ಇಲ್ಲ.

ಆದರೆ ನಮ್ಮ ಮಹಡಿಯಲ್ಲೇ ಇರುವ ಗೆಳೆಯನೊಬ್ಬನಿಗೆ ಏಳನೇ ಕ್ಲಾಸಿನಿಂದ ಟೈಪ್ ಒನ್ ಡಯಾಬಿಟಿಸ್ ಇದೆ. ಅವನು ಕಳ್ಳಕವಟಗಿಯವನು. (ಬರೆಯುವ ಮೊದಲು ಅವನನ್ನು ಕೇಳಿದೆವು. "ಊರಿನ ಹೆಸರು ಬರೀರಿ, ನನ್ನ ಹೆಸರು ಬ್ಯಾಡ" ಅಂದ. ಡ್ರಾಫ್ಟ್ ಓದಿ ಎರಡು ಕಡೆ ತಿದ್ದಿಯೂ ಇದ್ದಾನೆ.) ಒಂದು ವರ್ಷಕ್ಕಿಂತ ಹೆಚ್ಚು ಕಾಲ ಒಟ್ಟಿಗೆ ಉಂಡು, ಒಟ್ಟಿಗೆ ಅಸೈನ್‌ಮೆಂಟ್ ಕಾಪಿ ಹೊಡೆದರೂ ನಮಗೆ ಗೊತ್ತಿರಲಿಲ್ಲ. ಊಟಕ್ಕೆ ಮುಂಚೆ ಯಾವಾಗಲೂ ಬಾತ್‌ರೂಮಿಗೆ ಓಡ್ತಾನೆ ಅಂತ ಅವನಿಗೊಂದು ಅಡ್ಡಹೆಸರು ಇಟ್ಟಿದ್ದೆವು. ಅವನು ಹೋಗುತ್ತಿದ್ದದ್ದು ಇನ್ಸುಲಿನ್ ಚುಚ್ಚಿಕೊಳ್ಳಲಿಕ್ಕೆ.

ಥರ್ಡ್ ಸೆಮ್ ಇಂಟರ್ನಲ್ಸ್ ವಾರ. ರಾತ್ರಿ ಒಂಬತ್ತಕ್ಕೆ ಇಂಜೆಕ್ಷನ್ ತಗೊಂಡು ಮೆಸ್‌ಗೆ ಹೋದರೆ ಅವತ್ತು ಅಡುಗೆ ಬೇಗ ಮುಗಿದುಬಿಟ್ಟಿತ್ತು. ಎರಡು ಬಿಸ್ಕೀಟ್ ತಿಂದು ಓದಲು ಕೂತ. ಹತ್ತೂವರೆ ಹೊತ್ತಿಗೆ ಬನಿಯನ್ ಹಿಂಡುವಷ್ಟು ಬೆವರು, ಕೈ ನಡುಕ, ಮಾತು ತೊದಲು, ಆಮೇಲೆ ಸುಮ್ಮಸುಮ್ಮನೆ ನಮ್ಮ ಮೇಲೆ ಕೂಗಾಟ. ನಾವು ಕುಡಿದು ಬಂದಿದ್ದಾನೆ ಅಂದುಕೊಂಡೆವು. ಒಬ್ಬ ಮುಖಕ್ಕೆ ನೀರು ಚಿಮುಕಿಸಿದ. ಒಬ್ಬ ವಿಡಿಯೋ ಮಾಡಲು ಶುರುಮಾಡಿದ, ಅವನೂ ಈ ಲೇಖನ ಬರೆದ ನಾಲ್ವರಲ್ಲಿ ಒಬ್ಬ, ಅದನ್ನು ಇಲ್ಲಿ ಬರೆಯಲೇಬೇಕು ಅಂತ ಹಟ ಹಿಡಿದವನೂ ಅವನೇ. ನಮ್ಮಲ್ಲೊಬ್ಬನ ಅಜ್ಜಿಗೆ ಶುಗರ್ ಇದ್ದದ್ದರಿಂದ ಅವನಿಗೆ ಈ ಬೆವರಿನ ಪರಿಚಯ ಇತ್ತು. ಚಹಾಕ್ಕೆ ಇಟ್ಟಿದ್ದ ಸಕ್ಕರೆ ಡಬ್ಬಿ ತಂದು ಮೂರು ಚಮಚ ನೀರಿಗೆ ಹಾಕಿ ಕುಡಿಸಿದ. ಕಾಲು ಗಂಟೆಯಲ್ಲಿ ನಮ್ಮ ಗೆಳೆಯ ಎದ್ದು ಕೂತು, "ಸಾರಿ ಲೇ" ಅಂದ. ಸಾರಿ ಹೇಳಬೇಕಾದವರು ಯಾರು ಅನ್ನುವುದನ್ನು ನಾವು ಆಮೇಲೆ ಬಹಳ ದಿನ ಯೋಚಿಸಿದೆವು.

ಯಾಕೆ ಹೇಳಲಿಲ್ಲ ಅಂತ ಕೇಳಿದಾಗ ಅವನು ತನ್ನ ಫೋನಿನಲ್ಲಿದ್ದ ಒಂದು ಫೋಟೊ ತೋರಿಸಿದ. ಹಾಸ್ಟೆಲ್ ಅರ್ಜಿ. ಅದರಲ್ಲಿ ಕೊನೆಗೊಂದು ಸಾಲು: ನನಗೆ ಯಾವುದೇ ಗಂಭೀರ ಅಥವಾ ದೀರ್ಘಕಾಲದ ಕಾಯಿಲೆ ಇರುವುದಿಲ್ಲ, ಇರುವುದು ಕಂಡುಬಂದರೆ ಪ್ರವೇಶ ರದ್ದುಪಡಿಸಲು ನನ್ನ ಒಪ್ಪಿಗೆ ಇದೆ. ಕೆಳಗೆ ಅವನ ಸಹಿ, ಪಕ್ಕದಲ್ಲಿ ಅಪ್ಪನ ಸಹಿ. ನಾವೂ ಅದೇ ಸಾಲಿಗೆ ಸಹಿ ಹಾಕಿದ್ದೆವು, ಓದದೇ. ಅವನು ಓದಿ ಹಾಕಿದ್ದ.

ಟೈಪ್ ಒನ್ ಬಗ್ಗೆ ಎರಡು ಮಾತು, ಯಾಕೆಂದರೆ ನಮಗೂ ಮೊದಲು ಗೊತ್ತಿರಲಿಲ್ಲ. ಇದು ಸಿಹಿ ತಿಂದು ಬರುವುದಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಕಣಗಳನ್ನು ನಾಶ ಮಾಡಿಬಿಡುತ್ತದೆ. ಕಂಟ್ರೋಲ್ ಸಿಸ್ಟಮ್ಸ್ ಓದುತ್ತಿರುವವರಿಗೆ ಸುಲಭವಾಗಿ ಹೇಳಬೇಕೆಂದರೆ, ನಮ್ಮ ನಿಮ್ಮ ದೇಹದಲ್ಲಿ ಸದ್ದಿಲ್ಲದೇ ನಡೆಯುವ ಒಂದು ಕ್ಲೋಸ್ಡ್ ಲೂಪ್ ಅವನಲ್ಲಿ ಕಡಿದುಹೋಗಿದೆ. ಸೆನ್ಸರ್ ಅವನೇ, ಕಂಟ್ರೋಲರ್ ಅವನೇ. ಬೆರಳು ಚುಚ್ಚಿ ರೀಡಿಂಗ್ ನೋಡಬೇಕು, ಎಷ್ಟು ತಿನ್ನುತ್ತೇನೆ ಅಂತ ಅಂದಾಜು ಮಾಡಬೇಕು, ಅದಕ್ಕೆ ತಕ್ಕ ಡೋಸ್ ತಗೋಬೇಕು. ಅದೂ ದಿನಕ್ಕೆ ಮೂರ್ನಾಲ್ಕು ಸಲ, ರಜೆಯಿಲ್ಲದೇ. ಸೆಟ್ ಪಾಯಿಂಟ್‌ಗಿಂತ ಮೇಲೆ ಹೋದರೆ ವರ್ಷಗಳಲ್ಲಿ ಕಣ್ಣು, ಕಿಡ್ನಿ ಹಾಳಾಗುತ್ತವೆ. 70ಕ್ಕಿಂತ ಕೆಳಗೆ ಇಳಿದರೆ ಅವತ್ತೇ, ಆ ಗಂಟೆಯಲ್ಲೇ ಅಪಾಯ. ಎಚ್ಚರ ಇದ್ದು ನುಂಗಲು ಬರುತ್ತಿದ್ದರೆ ಸುಮಾರು 15 ಗ್ರಾಂ ಸಕ್ಕರೆ ಕೊಟ್ಟು ಕಾಲು ಗಂಟೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಇಷ್ಟು ಕಲಿಯಲು ನಮಗೆ ಐದು ನಿಮಿಷ ಸಾಕಾಯಿತು. ಆ ಐದು ನಿಮಿಷವನ್ನು ಯಾವ ಓರಿಯೆಂಟೇಶನ್ ಪ್ರೋಗ್ರಾಮಿನಲ್ಲೂ ಯಾರೂ ಕೊಟ್ಟಿರಲಿಲ್ಲ.

ಫೆಬ್ರುವರಿಯಲ್ಲಿ ಅವನ ಜೊತೆ ಊರಿಗೆ ಹೋದೆವು. ನೋಡದವರಿಗಾಗಿ ಹೇಳುತ್ತೇವೆ: ಕಳ್ಳಕವಟಗಿ ತಿಕೋಟಾ ತಾಲೂಕಿನ ಊರು, ಮಹಾರಾಷ್ಟ್ರದ ಜತ್ತ ತಾಲೂಕು ಅಲ್ಲಿಂದ ದೂರವಿಲ್ಲ. ಈ ಸೀಮೆ ದ್ರಾಕ್ಷಿಯದು. ನಾವು ಹೋದಾಗ ಕಟಾವು ಶುರುವಾಗಿ, ದಾರಿಯುದ್ದಕ್ಕೂ ಮಣೂಕ ಒಣಗಿಸುವ ಶೆಡ್ಡುಗಳು ತುಂಬುತ್ತಿದ್ದವು. ಹೊಲ ಆಚೆ ಕಡೆ, ಮನೆ ಈಚೆ ಕಡೆ, ಸೊಸೆ ಆ ರಾಜ್ಯದವಳು, ಅಳಿಯ ಈ ರಾಜ್ಯದವನು. ಗಡಿ ಅನ್ನುವುದು ಅಲ್ಲಿಯವರಿಗೆ 2021ರಲ್ಲಿ ಆರ್‌ಟಿ-ಪಿಸಿಆರ್ ರಿಪೋರ್ಟ್ ಕೇಳುವ ಚೆಕ್‌ಪೋಸ್ಟ್ ಹಾಕಿದಾಗ ಮಾತ್ರ ಗಡಿ ಅನ್ನಿಸಿತ್ತಂತೆ.

ಅವನ ಅವ್ವ ಮೊದಲು ತೋರಿಸಿದ್ದು ಒಂದು ಗಡಿಗೆ. ದೊಡ್ಡ ಗಡಿಗೆಯೊಳಗೆ ಉಸುಕು, ಉಸುಕಿನ ನಡುವೆ ಸಣ್ಣ ಗಡಿಗೆ, ಅದರೊಳಗೆ ಒಂದು ಸ್ಟೀಲ್ ಡಬ್ಬಿ. ಉಸುಕಿಗೆ ದಿನಾ ಎರಡು ಹೊತ್ತು ನೀರು, ಮೇಲೆ ಹಸಿ ಬಟ್ಟೆ. ಫ್ರಿಜ್ ತರುವ ಮೊದಲು ಮಗನ ಇನ್ಸುಲಿನ್ ಇದರಲ್ಲೇ ಇರುತ್ತಿತ್ತು, ಕರೆಂಟ್ ಹೋದರೆ ಈಗಲೂ ಇದರಲ್ಲೇ. ತೆರೆಯದ ಇನ್ಸುಲಿನ್ ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಬಳಸಲು ತೆಗೆದದ್ದು ಸುಮಾರು ನಾಲ್ಕು ವಾರ ಹೊರಗೆ ಬಾಳುತ್ತದೆ, ಆದರೆ ಹೊರಗೆ ಅಂದರೆ 25-30 ಡಿಗ್ರಿ. ವಿಜಯಪುರದ ಏಪ್ರಿಲ್-ಮೇ 40 ದಾಟುತ್ತದೆ. ನೀರು ಆವಿಯಾಗುವಾಗ ಶಾಖ ಹೀರುತ್ತದೆ ಅನ್ನುವುದನ್ನು ನಾವು ಥರ್ಮೊಡೈನಾಮಿಕ್ಸ್‌ನಲ್ಲಿ ಓದಿ ಪಾಸಾಗಿದ್ದೇವೆ, ಅವರು ಮಗನನ್ನು ಉಳಿಸಿಕೊಂಡಿದ್ದಾರೆ. ಅಂದಹಾಗೆ, ಹಾಸ್ಟೆಲ್‌ನಲ್ಲಿ ಅವನ ಬಾಟಲಿ ಇದ್ದದ್ದು ಸೂಟ್‌ಕೇಸಿನಲ್ಲಿ, ಸ್ವೆಟರ್ ಒಳಗೆ ಸುತ್ತಿ.

"ಸಾಲಿಯಾಗ ಎಂದೂ ತ್ರಾಸ ಆಗಿಲ್ರಿ ತಮ್ಮಾರ" ಅಂದರು ಅವ್ವ. ಊರಿನ ಶಾಲೆಯಲ್ಲಿ ಅರ್ಜಿ ಇರಲಿಲ್ಲ, ಡಿಕ್ಲರೇಶನ್ ಇರಲಿಲ್ಲ. ಅವರು ಹೋಗಿ "ನಮ್ ಹುಡುಗಗ ಹಿಂಗಿಂಗ ಐತ್ರಿ ಸರ" ಅಂದರು, ಸರ್ ತಮ್ಮ ಟೇಬಲ್ಲಿನ ಡ್ರಾದಲ್ಲಿ ಬೆಲ್ಲ ಇಟ್ಟುಕೊಂಡರು, ಪಕ್ಕದ ಬೆಂಚಿನ ಹುಡುಗನಿಗೆ "ಇವನು ಬೆವತರ ನನಗ ಹೇಳು" ಅಂದರು. ಅಷ್ಟೇ ಪ್ರೋಟೋಕಾಲ್. ವರ್ಷಕ್ಕೊಮ್ಮೆ ಶಾಲೆಗೆ ವ್ಯಾನಿನಲ್ಲಿ ಡಾಕ್ಟರ್ ಬರುತ್ತಿದ್ದರು. ಅದು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಹುಟ್ಟಿನಿಂದ ಬಂದ ದೋಷ, ಪೋಷಕಾಂಶದ ಕೊರತೆ, ಬಾಲ್ಯದ ಕಾಯಿಲೆ, ಬೆಳವಣಿಗೆಯ ವಿಳಂಬ, ಈ ನಾಲ್ಕನ್ನು ಹುಡುಕಿ ಜಿಲ್ಲಾ ಕೇಂದ್ರಕ್ಕೆ ಕಳಿಸುವುದು ಅವರ ಕೆಲಸ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ, 18 ವರ್ಷದವರೆಗೆ.

ಹದಿನೆಂಟಕ್ಕೆ ಅದು ನಿಲ್ಲುತ್ತದೆ. ಹದಿನೆಂಟಕ್ಕೇ ನಾವು ಇಲ್ಲಿಗೆ ಬರುತ್ತೇವೆ, ಮನೆ ಬಿಟ್ಟು, ಮೊದಲ ಸಲ ನಮ್ಮ ಔಷಧಿ ನಾವೇ ನೋಡಿಕೊಳ್ಳಬೇಕಾದ ವಯಸ್ಸಿನಲ್ಲಿ. ಸರ್ಕಾರದ ರಿಜಿಸ್ಟರಿನಿಂದ ಹೆಸರು ಹೋಗಿರುತ್ತದೆ, ಕಾಲೇಜಿನ ರಿಜಿಸ್ಟರಿನಲ್ಲಿ ಎಲ್ಲರೂ ಫಿಟ್.

ಇನ್ನು ಲಸಿಕೆ ವಿಷಯ. ಇದು ಬೇರೆ ಮಾತು ಅನ್ನಿಸಬಹುದು, ನಮಗೂ ಅನ್ನಿಸಿತ್ತು, ಅದೇ ಮನೆಯಲ್ಲಿ ಅವನ ಚಿಕ್ಕಪ್ಪನ ಮಗಳನ್ನು ನೋಡುವವರೆಗೆ. ಮೂರನೇ ಕ್ಲಾಸು. ಒಂದೂವರೆ ವರ್ಷದವಳಿದ್ದಾಗ ಕಿಡ್ನಿಯ ತೊಂದರೆ ಕಾಣಿಸಿಕೊಂಡಿತು, ಮೈ ಬಾತುಕೊಳ್ಳುತ್ತದೆ, ಮತ್ತೆ ಮತ್ತೆ ಸ್ಟಿರಾಯ್ಡ್ ಕೊಡಬೇಕಾಗುತ್ತದೆ. ಸ್ಟಿರಾಯ್ಡ್ ಹೆಚ್ಚಿನ ಪ್ರಮಾಣದಲ್ಲಿ ನಡೆಯುತ್ತಿರುವಾಗ ಜೀವಂತ ವೈರಸ್ಸಿನ ಲಸಿಕೆ ಕೊಡುವಂತಿಲ್ಲ. ದಡಾರ-ರುಬೆಲ್ಲಾದ್ದು ಅಂಥ ಲಸಿಕೆ. ಅವಳ ಎರಡನೇ ಡೋಸ್ ಅದಕ್ಕೇ ಬಾಕಿ ಉಳಿದಿದೆ. ನಮ್ಮ ಕಡೆ ಗೊಬ್ಬರ ಅನ್ನುತ್ತಾರಲ್ಲ, ಅದೇ ದಡಾರ. ಅವಳಿಗೆ ಬಂದರೆ ಉಳಿದ ಮಕ್ಕಳಿಗೆ ಬಂದ ಹಾಗಲ್ಲ. ಆಶಾ ಅಕ್ಕ ಹೇಳಿದ ಮಾತು ನಮಗೆ ಯಾವ ಸೆಮಿನಾರಿಗಿಂತ ಚೆನ್ನಾಗಿ ತಿಳಿಯಿತು: "ಈ ಹುಡುಗಿಗೆ ಚುಚ್ಚಾಕ ಬರೂದಿಲ್ಲ. ಅದಕ್ಕ ಈಕಿ ಸಲುವಾಗಿ ಉಳಿದಾವ್ರಿಗೆಲ್ಲಾ ಚುಚ್ಚಬೇಕು."

ಇದನ್ನೇ ನಮ್ಮ ಭಾಷೆಯಲ್ಲಿ ಲೆಕ್ಕ ಮಾಡೋಣ. ಯಾರಿಗೂ ರಕ್ಷಣೆ ಇಲ್ಲದ ಗುಂಪಿನಲ್ಲಿ ದಡಾರ ಬಂದ ಒಬ್ಬರಿಂದ 12ರಿಂದ 18 ಜನರಿಗೆ ಹರಡುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು. ಈ ಸಂಖ್ಯೆಗೆ ಆರ್-ನಾಟ್ ಅಂತಾರೆ. ಹರಡುವುದು ನಿಲ್ಲಬೇಕಾದರೆ, 1ನ್ನು ಆರ್-ನಾಟ್‌ನಿಂದ ಭಾಗಿಸಿ ಬಂದದ್ದನ್ನು 1ರಿಂದ ಕಳೆಯಿರಿ, ಅಷ್ಟು ಪಾಲು ಜನರಿಗೆ ರಕ್ಷಣೆ ಇರಬೇಕು. 15 ಹಾಕಿದರೆ ಶೇ 93, 18 ಹಾಕಿದರೆ ಶೇ 94 ದಾಟುತ್ತದೆ. ಶೇ 95 ಅನ್ನುವ ಗುರಿ ಬಂದದ್ದು ಹೀಗೆ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಶೇ 95 ಅಂದರೆ 38. ಅಂದರೆ ಲಸಿಕೆ ಇಲ್ಲದೇ ಕೂರಲು ಆ ಕ್ಲಾಸಿನಲ್ಲಿ ಇರುವುದು ಎರಡೇ ಸೀಟು. ಒಂದು ಈ ಹುಡುಗಿಯದು. ಇನ್ನೊಂದು ಯಾವುದೋ ಊರಿನಲ್ಲಿ ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ತಗೊಳ್ಳುತ್ತಿರುವ ಹುಡುಗನದು ಇರಬಹುದು. ವಾಟ್ಸ್ಯಾಪ್ ಫಾರ್ವರ್ಡ್ ನೋಡಿ ಹೆದರಿ ಮಗುವಿಗೆ ಲಸಿಕೆ ತಪ್ಪಿಸುವವರು ಸಂಸ್ಥೆಯ ವಿರುದ್ಧವೋ ಸರ್ಕಾರದ ವಿರುದ್ಧವೋ ಏನೂ ಮಾಡುತ್ತಿಲ್ಲ, ಆ ಎರಡು ಸೀಟಿನಲ್ಲಿ ಒಂದನ್ನು ಕಸಿದುಕೊಳ್ಳುತ್ತಿದ್ದಾರೆ.

ಫಾರ್ವರ್ಡ್ ಅಂದಾಗ ನೆನಪಾಯಿತು. 2017ರ ಫೆಬ್ರುವರಿಯಲ್ಲಿ ನಾವೆಲ್ಲ ಶಾಲೆಯಲ್ಲಿ ಸಾಲು ನಿಂತದ್ದು ನೆನಪಿರಬೇಕು. ದಡಾರ-ರುಬೆಲ್ಲಾ ಅಭಿಯಾನ ದೇಶದಲ್ಲಿ ಶುರುವಾದದ್ದೇ ಆಗ, ಬೆಂಗಳೂರಿನಿಂದ. ಒಂಬತ್ತು ತಿಂಗಳಿನಿಂದ 15 ವರ್ಷದೊಳಗಿನ ಎಲ್ಲರಿಗೂ. ಆಗ ಹಬ್ಬಿದ್ದ ಸುದ್ದಿ, ಈ ಸೂಜಿ ಚುಚ್ಚಿಸಿಕೊಂಡರೆ ಮುಂದೆ ಮಕ್ಕಳಾಗುವುದಿಲ್ಲ ಅಂತ. ನಮ್ಮಲ್ಲಿಬ್ಬರನ್ನು ಅವತ್ತು ಮನೆಯಲ್ಲೇ ಇಟ್ಟುಕೊಂಡಿದ್ದರು, ಮರುವಾರ ಹೆಡ್‌ಮಾಸ್ಟರ್ ಮನೆಗೆ ಬಂದು ಕರೆದುಕೊಂಡು ಹೋದರು. ಆಮೇಲೆ 2022ರ ಜನವರಿ 3ರಿಂದ 15-18 ವಯಸ್ಸಿನವರಿಗೆ ಕೊವ್ಯಾಕ್ಸಿನ್. ಅದೂ ಪಿಯು ಕಾಲೇಜಿನ ಕ್ಲಾಸ್‌ರೂಮಿನಲ್ಲೇ. ಎರಡೂ ಸಲ ಯಾರೂ ನಮ್ಮ ಹತ್ತಿರ ಸರ್ಟಿಫಿಕೇಟ್ ಕೇಳಲಿಲ್ಲ. ಸೂಜಿಯೇ ನಾವಿದ್ದಲ್ಲಿಗೆ ಬಂತು.

ನಮ್ಮ ಸೀನಿಯರ್‌ಗಳ ಅನುಭವ ಇದಕ್ಕೆ ಉಲ್ಟಾ. 2021ರ ಜುಲೈ 26ಕ್ಕೆ ರಾಜ್ಯದಲ್ಲಿ ಡಿಗ್ರಿ ಕಾಲೇಜುಗಳು ತೆರೆದಾಗ ಕನಿಷ್ಠ ಒಂದು ಡೋಸ್ ಆದವರಿಗೆ ಮಾತ್ರ ಒಳಗೆ ಬರಲು ಅವಕಾಶ. ಊರಿನ ಆರೋಗ್ಯ ಕೇಂದ್ರದ ಮುಂದೆ ಬೆಳಗಿನ ಜಾವ ಚಪ್ಪಲಿ ಇಟ್ಟು ಪಾಳಿ ಹಿಡಿದು, ಮಧ್ಯಾಹ್ನ "ಸ್ಟಾಕ್ ಮುಗೀತು" ಅನ್ನಿಸಿಕೊಂಡು ಬಂದ ಕಥೆಯನ್ನು ಅವರಿಂದ ಕೇಳಿದ್ದೇವೆ. ಆ ಡಿಸೆಂಬರಿನಲ್ಲಿ ಒಮೈಕ್ರಾನ್ ಬಂದಾಗ ಶಾಲೆಗೆ ಹೋಗುವ ಮಕ್ಕಳ ಅಪ್ಪ-ಅಮ್ಮನಿಗೆ ಎರಡು ಡೋಸ್ ಆಗಿರಲೇಬೇಕು ಅಂತಲೂ ರಾಜ್ಯ ಹೇಳಿತ್ತು. ಆಮೇಲೆ 2022ರ ಮೇ 2ರಂದು ಸುಪ್ರೀಂ ಕೋರ್ಟ್ ಜೇಕಬ್ ಪುಲಿಯೇಲ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು: ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಸಾರ್ವಜನಿಕ ಆರೋಗ್ಯಕ್ಕಾಗಿ ನಿರ್ಬಂಧ ಹಾಕಬಹುದು, ಆದರೆ ಅದು ಪರಿಸ್ಥಿತಿಗೆ ತಕ್ಕ ಅಳತೆಯಲ್ಲಿರಬೇಕು.

ನಮ್ಮ ಅಭಿಪ್ರಾಯ ಇಲ್ಲಿಗೆ ಬಂದು ನಿಲ್ಲುತ್ತದೆ. ಲಸಿಕೆ ಆಗಿದೆಯಾ ಅಂತ ಶಾಲೆ ಕೇಳಲೇಬೇಕು. ಆದರೆ ಇಲ್ಲ ಅನ್ನುವ ಮಗುವನ್ನು ಹೊರಗೆ ನಿಲ್ಲಿಸಲು ಅಲ್ಲ, ಮುಂದಿನ ಗುರುವಾರ ನರ್ಸ್ ಬಂದಾಗ ಕೂರಿಸಲು. ಯಾಕೆಂದರೆ ಕಾಗದ ಇಲ್ಲದವರು ಯಾರು ಅಂತ ಕಳ್ಳಕವಟಗಿಯಂಥ ಊರಿನಲ್ಲಿ ನೋಡಿದರೆ ಗೊತ್ತಾಗುತ್ತದೆ. ಕಬ್ಬು ಕಡಿಯಲು ದಸರೆ-ದೀಪಾವಳಿ ಹೊತ್ತಿಗೆ ಗಂಟು ಕಟ್ಟಿಕೊಂಡು ಹೋಗಿ ಬೇಸಿಗೆಗೆ ಬರುವ ಮನೆಗಳ ಮಕ್ಕಳು. ಅವರ ಅಪ್ಪ ಅವ್ವನಿಗೆ ಲಸಿಕೆ ಬೇಡವಾಗಿಲ್ಲ, ಲಸಿಕೆಯ ದಿನ ಅವರು ಊರಲ್ಲಿಲ್ಲ. ಕಡ್ಡಾಯ ಅಂತ ಗೇಟು ಹಾಕಿದರೆ ಫಾರ್ವರ್ಡ್ ನಂಬುವ ನಗರದ ಅಪ್ಪ ಹೇಗೋ ಒಂದು ಕಾಗದ ಹೊಂದಿಸುತ್ತಾನೆ (ಫಿಟ್ನೆಸ್ ಸರ್ಟಿಫಿಕೇಟಿನ ರೇಟು ಮೇಲೆ ಹೇಳಿದ್ದೇವೆ), ಹೊರಗೆ ಉಳಿಯುವುದು ಕಬ್ಬಿನ ಗಾಡಿಯ ಹುಡುಗಿ. ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ವಯಸ್ಸಿನ ದಾಖಲೆ ಇಲ್ಲ ಅಂತಲೂ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ ಅನ್ನುತ್ತದೆ. ಲಸಿಕೆ ಕಾರ್ಡಿಗೂ ಅದೇ ನ್ಯಾಯ ಇರಬೇಕು.

ಕಾರ್ಡಿನದೇ ಇನ್ನೊಂದು ಕಥೆ. ನಮ್ಮ ಗೆಳೆಯನ ಅವ್ವ ಟ್ರಂಕಿನಿಂದ ರೇಷನ್ ಕಾರ್ಡಿನ ಜೊತೆ ಎರಡು ತಾಯಿ ಕಾರ್ಡ್ ತೆಗೆದರು. ಒಂದು ಮರಾಠಿ, ಒಂದು ಕನ್ನಡ. ಹೆರಿಗೆ ತವರಿನಲ್ಲಿ, ಜತ್ತ ಕಡೆ. ಮೊದಲ ಮೂರು ತಿಂಗಳ ಚುಚ್ಚುಮದ್ದು ಮರಾಠಿಯಲ್ಲಿ, ಮುಂದಿನವು ಕನ್ನಡದಲ್ಲಿ. ಎರಡನ್ನೂ ಸೇರಿಸಿ ಓದಿದರೆ ಮಾತ್ರ ಒಂದು ಮಗು. ಈಗ ಯು-ವಿನ್ ಅನ್ನುವ ಡಿಜಿಟಲ್ ದಾಖಲೆ ಬಂದಿದೆ, ಇನ್ನು ಹುಟ್ಟುವ ಮಕ್ಕಳಿಗೆ ಈ ತಾಪತ್ರಯ ಕಡಿಮೆಯಾಗಬಹುದು. ನಮ್ಮ ವಯಸ್ಸಿನವರದು ಟ್ರಂಕೇ ಗತಿ. ಎಂಎಸ್ ಮಾಡಲು ಅಮೆರಿಕಕ್ಕೆ ಹೊರಟ ಸೀನಿಯರ್‌ಗಳನ್ನು ಕೇಳಿ. ಅಲ್ಲಿಯ ಯೂನಿವರ್ಸಿಟಿಗಳು ಸಾಮಾನ್ಯವಾಗಿ ಎರಡು ಡೋಸ್ ಎಂಎಂಆರ್ ದಾಖಲೆ ಕೇಳುತ್ತವೆ. ನಮ್ಮ ಸರ್ಕಾರಿ ಪಟ್ಟಿಯಲ್ಲಿರುವುದು ಎಂಆರ್, ಅಂದರೆ ಅದರಲ್ಲಿ ಮಂಗನಬಾವು ಇಲ್ಲ. ವೀಸಾ ಬಂದು ಟಿಕೆಟ್ ಆದ ಮೇಲೆ ಖಾಸಗಿ ಆಸ್ಪತ್ರೆಗೆ ಓಡಿ ನಾಲ್ಕು ವಾರದ ಅಂತರದಲ್ಲಿ ಎರಡು ಚುಚ್ಚಿಸಿಕೊಂಡವರು ನಮ್ಮ ಡಿಪಾರ್ಟ್‌ಮೆಂಟಿನಲ್ಲೇ ಇದ್ದಾರೆ.

ಅಮೆರಿಕದಲ್ಲಿ ಶಾಲೆಗೆ ಸೇರಲು ಲಸಿಕೆ ಬೇಕೆಂಬ ನಿಯಮ ಎಲ್ಲ ರಾಜ್ಯಗಳಲ್ಲೂ ಇದೆ, ವಿನಾಯಿತಿ ಮಾತ್ರ ರಾಜ್ಯಕ್ಕೊಂದು ಥರ. 2014ರ ಕೊನೆಗೆ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಿಂದ ದಡಾರ ಹರಡಿದಾಗ, ರಕ್ತದ ಕ್ಯಾನ್ಸರ್ ಗೆದ್ದು ಬಂದಿದ್ದರೂ ಇನ್ನೂ ಲಸಿಕೆ ತಗೊಳ್ಳಲಾಗದ ಆರು ವರ್ಷದ ಹುಡುಗನೊಬ್ಬನ ಅಪ್ಪ, ಲಸಿಕೆ ಹಾಕಿಸದ ಮಕ್ಕಳನ್ನು ಶಾಲೆಯಿಂದ ದೂರ ಇಡಿ ಅಂತ ಕೇಳಿಕೊಂಡದ್ದು ದೊಡ್ಡ ಸುದ್ದಿಯಾಗಿತ್ತು. 2015ರಲ್ಲಿ ಆ ರಾಜ್ಯ ವೈಯಕ್ತಿಕ ನಂಬಿಕೆಯ ವಿನಾಯಿತಿಯನ್ನೇ ತೆಗೆದುಹಾಕಿತು. ಟೆಕ್ಸಾಸ್‌ನಲ್ಲಿ ಆ ವಿನಾಯಿತಿ ಉಳಿದಿದೆ. 2025ರಲ್ಲಿ ಅಲ್ಲಿ ದಡಾರ ಹಬ್ಬಿ ಲಸಿಕೆ ಆಗದ ಇಬ್ಬರು ಶಾಲಾ ಮಕ್ಕಳು ತೀರಿಕೊಂಡರು. ನಮ್ಮ ನಾಲ್ವರಲ್ಲಿ ಒಬ್ಬ ಇದನ್ನೇ ಹಿಡಿದು ಜಗಳ ಆಡುತ್ತಾನೆ: ಕಡ್ಡಾಯ ಮಾಡದ ನಿಯಮ ಹಲ್ಲಿಲ್ಲದ ಹಾವು ಅಂತ. ಅವನ ಮಾತಿನಲ್ಲಿ ತೂಕವಿದೆ. ಆದರೆ ಅಲ್ಲಿ ಬೇಡ ಅನ್ನುವವರನ್ನು ಒಪ್ಪಿಸುವುದು ಸಮಸ್ಯೆ, ಇಲ್ಲಿ ಬೇಕು ಅನ್ನುವವರನ್ನು ತಲುಪುವುದೇ ಹೆಚ್ಚಿನ ಸಮಸ್ಯೆ ಅನ್ನುವುದು ಉಳಿದ ಮೂವರ ವಾದ. ರೋಗ ಕಾಣಿಸಿಕೊಂಡ ವಾರಗಳಲ್ಲಿ ಲಸಿಕೆ ಆಗದವರು ಮನೆಯಲ್ಲಿರಲಿ ಅನ್ನುವಷ್ಟಕ್ಕೆ ನಾಲ್ವರೂ ಒಪ್ಪಿದ್ದೇವೆ.

ನಾವು ಶಾಲೆಯ ಮಕ್ಕಳಲ್ಲ, ನಮಗೇಕೆ ಅನ್ನಬೇಡಿ. ಹೆಪಟೈಟಿಸ್-ಬಿ ಲಸಿಕೆ ದೇಶದ ಎಲ್ಲ ಕಡೆ ಸರ್ಕಾರಿ ಪಟ್ಟಿಗೆ ಬಂದದ್ದು 2011ರ ಹೊತ್ತಿಗೆ. ನಾವು ಹುಟ್ಟಿದ್ದು ಅದಕ್ಕೂ ಮೊದಲು, ನಮ್ಮಲ್ಲಿ ಕೆಲವರಿಗೆ ಆಗಿದೆ, ಕೆಲವರಿಗಿಲ್ಲ. ಗಂಟಲುಮಾರಿ ಮತ್ತು ಧನುರ್ವಾಯುವಿನ ಟಿಡಿ 10 ಮತ್ತು 16ನೇ ವಯಸ್ಸಿಗೆ ಕೊಡುವುದು, ಹದಿನಾರರದ್ದು ಎಸೆಸೆಲ್ಸಿ ಗಡಿಬಿಡಿಯಲ್ಲಿ ಎಷ್ಟೋ ಜನರಿಗೆ ತಪ್ಪಿದೆ. ಗಂಟಲುಮಾರಿ ಪುಸ್ತಕದ ರೋಗ ಅಲ್ಲ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅದು ಮರಳಿ ಬಂದದ್ದನ್ನು ಕಳೆದ ದಶಕದಲ್ಲಿ ನಮ್ಮ ಕಡೆಯ ವೈದ್ಯರೇ ದಾಖಲಿಸಿದ್ದಾರೆ. ಒಂದೇ ಮೆಸ್, ಒಂದೇ ನೀರಿನ ಟ್ಯಾಂಕು, ಒಂದೇ ಲೋಟದಲ್ಲಿ ಮೂವರು ಕುಡಿಯುವ ಚಹಾ. ಹಾಸ್ಟೆಲ್ ಅಂದರೆ ಆರ್-ನಾಟ್‌ಗೆ ಹಬ್ಬ.

ಈಗ ಕಾಯಿಲೆಯ ಅರ್ಜಿಗೆ ವಾಪಸ್ ಬರೋಣ. ನಮಗೆ ಕಾಣುವ ತಪ್ಪು ಇಷ್ಟೇ: ಕೇಳುವ ದಿಕ್ಕು ಉಲ್ಟಾ ಆಗಿದೆ. ಕಾಯಿಲೆ ಇರುವವನು "ನಾನು ನಿಮಗೆ ತೊಂದರೆ ಕೊಡುವುದಿಲ್ಲ" ಅಂತ ಬರೆದುಕೊಡಬೇಕು, ಆದರೆ ನಾವು ಆರೋಗ್ಯವಂತರು ಅವನಿಗೆ ತೊಂದರೆ ಆಗದ ಹಾಗೆ ಏನು ಮಾಡಿದ್ದೇವೆ ಅಂತ ಯಾರೂ ಕೇಳುವುದಿಲ್ಲ. ಹೆದರಿಸಿ ಕೇಳಿದ ಪ್ರಶ್ನೆಗೆ ಸುಳ್ಳೇ ಉತ್ತರ ಬರುವುದು, ಇದು ವೈವಾದಲ್ಲೂ ನಮಗೆ ಗೊತ್ತಿರುವ ಸಂಗತಿ. ಅರ್ಜಿಯಲ್ಲಿ ಆ ಒಂದು ಸಾಲು ತೆಗೆದು, "ನಿಮಗೆ ತುರ್ತು ಸಂದರ್ಭದಲ್ಲಿ ನಾವೇನು ಮಾಡಬೇಕು? ಯಾರಿಗೆ ಹೇಳಿರಬೇಕು?" ಅಂತ ಬರೆದರೆ ಸಾಕು. ಅದನ್ನು ಆಫೀಸಿನ ಟೇಬಲ್ ಮೇಲೆ ಎಲ್ಲರೂ ತಿರುವಿಹಾಕುವ ಫೈಲಿನಲ್ಲಿ ಇಡದೇ ವಾರ್ಡನ್ ಮತ್ತು ವೈದ್ಯರ ಹತ್ತಿರ ಮಾತ್ರ ಇಡಬೇಕು.

ಈ ಕೊನೆಯ ಮಾತು ನಮ್ಮದಲ್ಲ, ಸಂಘದ ಒಬ್ಬ ಗೆಳತಿಯದು. ಅವಳಿಗೆ ಮೂರ್ಛೆರೋಗ ಇದೆ, ಮಾತ್ರೆಯಲ್ಲಿ ಹಿಡಿತದಲ್ಲಿದೆ. ಒಮ್ಮೆ ಲ್ಯಾಬಿನಲ್ಲಿ ಬಂದಾಗ ಯಾರೋ ಕೈಗೆ ಬೈಕಿನ ಕೀ ಕೊಟ್ಟರು, ಇನ್ಯಾರೋ ಬಾಯಿಗೆ ಚಮಚ ತುರುಕಲು ಹೋದರು. ಮಾಡಬೇಕಾದ್ದು ಮಗ್ಗುಲಿಗೆ ತಿರುಗಿಸಿ, ಸುತ್ತಲಿನ ಸಾಮಾನು ಸರಿಸಿ, ಗಡಿಯಾರ ನೋಡುವುದು. ಐದು ನಿಮಿಷ ಮೀರಿದರೆ ಆಸ್ಪತ್ರೆ. ಅವಳಿಗೆ ಆ ಚಮಚಕ್ಕಿಂತ ಹೆಚ್ಚು ಕಾಡಿದ್ದು ಸಂಜೆಯೊಳಗೆ ಸುದ್ದಿ ಊರಿಗೆ ತಲುಪಿದ್ದು. "ನಾಳೆ ಸಂಬಂಧ ನೋಡೋವಾಗ ಇದ ಮೊದಲ ಬರ್ತದ" ಅಂದಳು. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗವನ್ನು ಮದುವೆ ಅನೂರ್ಜಿತಗೊಳಿಸುವ ಕಾರಣಗಳ ಪಟ್ಟಿಯಿಂದ ತೆಗೆದದ್ದು 1999ರಲ್ಲಿ. ಕಾನೂನು ಬಿಟ್ಟು ಇಷ್ಟು ವರ್ಷ ಆಯಿತು, ಜನ ಇನ್ನೂ ಬಿಟ್ಟಿಲ್ಲ. ಪ್ಲೇಸ್‌ಮೆಂಟ್ ಬಗ್ಗೆಯೂ ಇದೇ ಹೆದರಿಕೆ. ಹಾಗಾಗಿ ಎಲ್ಲವನ್ನೂ ಎಲ್ಲರಿಗೂ ಹೇಳಿ ಅಂತ ಉಪದೇಶ ಮಾಡುವ ಹಕ್ಕು ನಮಗಿಲ್ಲ.

ಇವರಿಬ್ಬರ ಕಷ್ಟ ಇನ್ನೊಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಸ್ಥಿತಿಗಳಿವೆ, ಅದರಲ್ಲಿ ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಇವೆ. ಟೈಪ್ ಒನ್ ಡಯಾಬಿಟಿಸ್ ಇಲ್ಲ, ಮೂರ್ಛೆರೋಗ ಇಲ್ಲ. ತೋರಿಸಲು ಕಾರ್ಡೇ ಇಲ್ಲದ ಕಾಯಿಲೆ. ಸಿಬಿಎಸ್‌ಇ 2017ರಲ್ಲೇ ಟೈಪ್ ಒನ್ ಇರುವ ಮಕ್ಕಳು ಬೋರ್ಡ್ ಪರೀಕ್ಷೆಗೆ ಸಕ್ಕರೆ ಗುಳಿಗೆ, ಹಣ್ಣು, ತಿಂಡಿ ತರಬಹುದು ಅಂತ ಸುತ್ತೋಲೆ ಹೊರಡಿಸಿತು. ನಮ್ಮ ಗೆಳೆಯ ಇಂಟರ್ನಲ್ಸ್‌ನಲ್ಲಿ ಜೇಬಿನಲ್ಲಿ ಪೆಪ್ಪರ್‌ಮಿಂಟ್ ಇಟ್ಟುಕೊಂಡಿದ್ದಕ್ಕೆ ಚೀಟಿ ಅಂತ ತಪಾಸಣೆ ಆಗಿದೆ. ಹಾಜರಿಯಲ್ಲಿ ವಿಟಿಯು ಕೇಳುವ ಶೇ 85ರಲ್ಲಿ ವೈದ್ಯಕೀಯ ಕಾರಣಕ್ಕೆ ಶೇ 10ರಷ್ಟು ವಿನಾಯಿತಿಗೆ ದಾರಿ ಇದೆ, ಆದರೆ ಅದನ್ನು ಕೇಳಬೇಕಾದರೆ ಅರ್ಜಿಯಲ್ಲಿ ಸಹಿ ಹಾಕಿದ ಆ ಸುಳ್ಳನ್ನು ಮೊದಲು ಒಪ್ಪಿಕೊಳ್ಳಬೇಕು. ಅವನು ಕಳೆದ ಸೆಮಿಸ್ಟರ್ ಜ್ವರದಲ್ಲೂ ಕ್ಲಾಸಿಗೆ ಬಂದು ಕೂತದ್ದು ಅದಕ್ಕೇ.

ಕಳೆದ ತಿಂಗಳು ಸಂಘದಿಂದ ಒಂದು ಮನವಿ ಕೊಟ್ಟಿದ್ದೇವೆ. ಆ ಸಾಲು ತೆಗೆಯಿರಿ, ಪ್ರತಿ ಹಾಸ್ಟೆಲ್‌ಗೆ ಔಷಧಿಗೆಂದೇ ಒಂದು ಸಣ್ಣ ಫ್ರಿಜ್ ಕೊಡಿ, ಮೊದಲ ವರ್ಷದವರು ಬರುವ ವಾರ ಆರೋಗ್ಯ ಕೇಂದ್ರದವರನ್ನು ಕರೆಸಿ ಟಿಡಿ ಮತ್ತು ಹೆಪಟೈಟಿಸ್-ಬಿ ಬಾಕಿ ಇರುವವರನ್ನು ಪಟ್ಟಿ ಮಾಡಿ ಅಲ್ಲೇ ಹಾಕಿಸಿ, ಓರಿಯೆಂಟೇಶನ್‌ನಲ್ಲಿ ಐದು ನಿಮಿಷ ಕೊಡಿ. ಮುಂದಿನ ಮೀಟಿಂಗ್‌ನಲ್ಲಿ ಇಡುತ್ತೇವೆ ಅಂದಿದ್ದಾರೆ. ಫ್ರಿಜ್ ವಿಷಯಕ್ಕೆ ವಾರ್ಡನ್ ಸರ್ ನಕ್ಕು, "ಅದರಾಗ ನೀವು ಕೋಲ್ಡ್ ಡ್ರಿಂಕ್ಸ್ ಇಡ್ತೀರಿ" ಅಂದರು. ಆ ಅನುಮಾನ ಪೂರ್ತಿ ಸುಳ್ಳು ಅಂತ ನಾವು ಹೇಳಲಾರೆವು.

ಅಲ್ಲಿಯವರೆಗೆ ಅವ್ವ ಕೊಟ್ಟು ಕಳಿಸಿದ ಗಡಿಗೆ ನಮ್ಮ ರೂಮಿನ ಕಿಟಕಿಯಲ್ಲಿದೆ. ನೀರು ಹಾಕುವ ಪಾಳಿಯ ಪಟ್ಟಿ ಗೋಡೆಗೆ ಅಂಟಿಸಿದ್ದೇವೆ. ಬಾಗಿಲ ಹಿಂದಿನ ಮೊಳೆಗೆ ಒಂದು ಗ್ಲುಕೋಸ್ ಪ್ಯಾಕೆಟ್ ನೇತು ಹಾಕಿದ್ದೇವೆ, ಮೇಲೆ "ಮುಟ್ಟಬೇಡಿ" ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ. ಕ್ರಿಕೆಟ್ ಆಡಿ ಬಂದವರು ಈಗಾಗಲೇ ಎರಡು ಸಲ ಖಾಲಿ ಮಾಡಿದ್ದಾರೆ, ಎರಡು ಸಲವೂ ತಿಂದವನ ಕೈಯಲ್ಲೇ ಹೊಸದು ತರಿಸಿದ್ದೇವೆ.